ಕಂದಕವೂ ಕರಾರೂ

ಸಂಸ್ಕೃತದಲ್ಲಿ ‘ಖನ್’ ಎಂಬ ಧಾತುವಿಗೆ ಅಗೆಯುವುದೆಂದು ಅರ್ಥ. ಖನಿ, ಖಾತ, ಪರಿಖೆ ಮುಂತಾದ ಶಬ್ದಗಳು ಅದರಿಂದಲೇ ಹುಟ್ಟಿದುವು. ಈ ಪಾಠವನ್ನು ಹೇಳುತ್ತ ಮೂವತ್ತು ವರ್ಷ ಕಳೆದ ನಮಗೆ, ಅಗೆಯುವವನ ಪಾಡೇನೆಂಬುದು ಹೋದ ಮಳೆಗಾಲದಲ್ಲಿ ಮಾತ್ರ ತಿಳಿಯಿತು.

ಒಳಚರಂಡಿಯ ಕೊಳವೆಗಾಗಿ ನಮ್ಮ ಬೀದಿಯಲ್ಲಿ ಕಂದಕ ತೋಡಿದ್ದರು. ಒಳಗೆ ನಿಂತ ಆಳಿನ ರುಮಾಲು ಸಹ ಮೇಲಕ್ಕೆ ಕಾಣಿಸದಷ್ಟು ಆಳ. ಅಗೆದ ಮಣ್ಣೆಲ್ಲ ಅಂಚಿನ ಮೇಲೆಯೇ ಗುಡ್ಡೆ ಬಿದ್ದಿತ್ತು. ಪಕ್ಕಗಳಿಗೆ ಹಲಗೆಯಿಲ್ಲ, ಹತ್ತಲು ಏಣಿಯಿಲ್ಲ. “ಏನಪ್ಪಾ, ಭಯವಾಗುವುದಿಲ್ಲವೆ?” ಎಂದು ಕೇಳಿದೆವು. “ಮಣ್ಣು ಗಟ್ಟಿಯಾಗಿದೆ ಸ್ವಾಮಿ, ನಾಲ್ಕು ದಿನದ ಕೆಲಸ” ಎಂದನು. ಆ ರಾತ್ರಿ ಮಳೆ ಹೊಯ್ದಿತು. ಬೆಳಗ್ಗೆ ನೋಡಲು, ಅವನು ನಿಂತಿದ್ದ ಸ್ಥಳವೇ ಕುಸಿದ ಮಣ್ಣಿನಿಂದ ತುಂಬಿಹೋಗಿತ್ತು. ದೈವಕೃಪೆಯಿಂದ ಒಳಗೆ ಯಾರೂ ಇರಲಿಲ್ಲ. ಆದರೆ ದೈವವು ನಿತ್ಯವೂ ಮೇಸ್ತ್ರಿಯ ಕೆಲಸವನ್ನು ಮಾಡುವುದೆಂದು ನಂಬಿ ಕುಳಿತಿರಬಹುದೆ?

ನೆಲದೊಳಗಿನ ಮಣ್ಣು ಅಕ್ಕಪಕ್ಕದ ಮಣ್ಣಿನ ಆಸರೆಯಿಂದ ನಿಂತಿರುವುದು. ಒಂದು ಕಡೆ ಕಡಿದೊಡನೆ ಆ ಆಸರೆಯು ತಪ್ಪುತ್ತದೆ. ಒಂದು ಘನ ಮೀಟರು ಮಣ್ಣು ಸುಮಾರು 1500 ಕಿಲೋಗ್ರಾಂ ತೂಗುವುದು. ನೆನೆದರೆ ಇನ್ನೂ ಹೆಚ್ಚು. ಎದೆಯವರೆಗೆ ಹೂತುಹೋದವನು ತಲೆ ಹೊರಗಿದ್ದರೂ ಉಸಿರಾಡಲಾರದೆ ಸಾಯಬಹುದು.

ಇದಕ್ಕೆ ನಿಯಮಗಳಿಲ್ಲವೆಂದಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನಲ್ಲಿಯೇ ಸುರಕ್ಷತೆಯ ವಿಧಿಗಳು ಸೇರಿವೆ. ಕಂದಕದ ಆಳವು 1.5 ಮೀಟರು ಮುಟ್ಟಿದರೆ ಪಕ್ಕಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೆ ಮರದ ಆಸರೆ ಕೊಡಬೇಕು. ಪ್ರತಿ 30 ಮೀಟರು ಉದ್ದಕ್ಕೆ ಒಂದಾದರೂ ಏಣಿಯಿರಬೇಕು. ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರು, ಅಥವಾ ಆಳದ ಅರ್ಧ, ಇವೆರಡರಲ್ಲಿ ಹೆಚ್ಚಾದಷ್ಟು ದೂರ ಹಾಕಬೇಕು. ಬುಡವನ್ನು ಕೊರೆಯುವುದು ಸರ್ವಥಾ ಕೂಡದು.

ಹಾಗಾದರೆ ತಪ್ಪುವುದೆಲ್ಲಿ? ಟೆಂಡರಿನಲ್ಲಿ. ಹಲಗೆಗೂ ಕಾಲಕ್ಕೂ ಹಣ ಬೇಕು. ಅದನ್ನು ಲೆಕ್ಕಕ್ಕೆ ಹಿಡಿದ ಪ್ರಾಮಾಣಿಕನ ದರ ಏರುವುದು. ಹಿಡಿಯದವನಿಗೆ ಗುತ್ತಿಗೆ ದೊರೆಯುವುದು. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಶಾಸನವು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದೆ. ಐದು ಅಡಿಗಿಂತ ಆಳವಾದ ಕಂದಕವಿರುವ ಕಾಮಗಾರಿಯಲ್ಲಿ ಸುರಕ್ಷತೆಯ ವೆಚ್ಚವನ್ನು ಉದ್ದದ ಅಳತೆಯಂತೆ ಬೇರೆಯೇ ಬಾಬಾಗಿ ನಮೂದಿಸಬೇಕು. ಬೇರೆಯಾಗಿ ಬರೆದ ಬಾಬನ್ನು ಅಳೆದು ನೋಡಬಹುದು, ಮಾಡದಿದ್ದರೆ ಹಣ ತಡೆಯಬಹುದು. ನಮ್ಮ ಪುರಸಭೆಗಳೂ ಈ ಪದ್ಧತಿಯನ್ನು ಅನುಸರಿಸಲೆಂದು ನಮ್ಮ ಆಶಯ.

ಗೃಹಸ್ಥರಿಗೂ ಇದರಲ್ಲಿ ಕರ್ತವ್ಯವುಂಟು. ಮನೆಯ ಮುಂದೆ ಕಂದಕ ತೋಡಿದಾಗ ಹಲಗೆ, ಏಣಿ, ಮಣ್ಣಿನ ದೂರ, ಈ ಮೂರನ್ನು ನೋಡಿರಿ. ಕೊರತೆ ಕಂಡರೆ ಕೆಲಸದ ಎಂಜಿನಿಯರಿಗೆ ಬರೆದು ತಿಳಿಸಿರಿ. ಮಕ್ಕಳನ್ನು ಅಂಚಿಗೆ ಬಿಡಬೇಡಿರಿ. ಕುಸಿತವೇ ಆದರೆ ಒಳಕ್ಕೆ ಧುಮುಕದೆ 112ಕ್ಕೆ ಕರೆಮಾಡಿರಿ. ಎರಡನೆಯ ಕುಸಿತಕ್ಕೆ ಬಲಿಯಾಗುವವರು ಅನೇಕವೇಳೆ ರಕ್ಷಿಸಲು ಇಳಿದವರೇ.

ಆ ಆಳು ಮರುದಿನ ಮತ್ತೆ ಬಂದನು. ಈ ಸಲ ಏಣಿಯಿತ್ತು, ನಮ್ಮ ಮನೆಯದು. ಹಲಗೆಗಾಗಿ ಕಾಗದ ಬರೆದಿದ್ದೇವೆ.