ಮಾಡಿಸಿಕೊಂಡು ಅಲ್ಲ, ಮಾಡಿಕೊಂಡು ತಿನ್ನೋಣ

"ಹೊರಗಡೆ ಶವರ್ಮಾ ತಿನ್ನಬೇಡ, ಬೇಕಿದ್ದರೆ ಮನೆಯಲ್ಲೇ ಮಾಡಿಸಿಕೊಂಡು ತಿನ್ನು." ಈ ಮಾತನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ತುಮಕೂರಿನಲ್ಲೇ ಇರುವವರಿಗೂ ಹೇಳುತ್ತಾರೆ, ಗುಬ್ಬಿಯಿಂದ ರೈಲಿನಲ್ಲಿ, ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವವರಿಗೂ ಹೇಳುತ್ತಾರೆ. ಹೇಳುವವರು ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ಆ ವಾಕ್ಯದಲ್ಲಿ 'ಮಾಡಿಕೊಂಡು' ಎಂದಿಲ್ಲ, 'ಮಾಡಿಸಿಕೊಂಡು' ಎಂದಿದೆ. ನಡುವೆ ಒಂದು 'ಸಿ' ಸೇರಿದ ಕೂಡಲೇ ಕೆಲಸ ನಮ್ಮ ಕೈಯಿಂದ ಅಮ್ಮನ ಕೈಗೆ ಹೋಗಿಬಿಡುತ್ತದೆ. ನನ್ನ ತಕರಾರು ಆ ಒಂದು ಅಕ್ಷರದ ಬಗ್ಗೆ.

ಮೊದಲು ಆ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಅಸ್ವಸ್ಥರಾದರು, ನಮ್ಮ ವಯಸ್ಸಿನ ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಮರುವರ್ಷ ಜನವರಿಯಲ್ಲಿ ಕೇರಳ ಸರ್ಕಾರ ಹಸಿ ಮೊಟ್ಟೆಯ ಮೇಯೊನೇಸ್ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಚಿಕನ್ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಹಾಗಾಗಿ ಹಿರಿಯರ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಈ ತಿಂಡಿ ಎಲ್ಲಿಂದ ಬಂತು ಎಂದು ಹುಡುಕಿದರೆ ಒಂದು ಸೊಗಸಾದ ಕಥೆ ಸಿಗುತ್ತದೆ. ನಿಂತ ಕಂಬಿಗೆ ಮಾಂಸದ ಪದರಗಳನ್ನು ಪೋಣಿಸಿ, ಬೆಂಕಿಯ ಮುಂದೆ ತಿರುಗಿಸುತ್ತಾ, ಬೆಂದ ಹೊರಭಾಗವನ್ನು ಹೆರೆದು ಕೊಡುವ ಪದ್ಧತಿ ಬೆಳೆದದ್ದು 19ನೆಯ ಶತಮಾನದ ಉಸ್ಮಾನಿ ತುರ್ಕಿಯಲ್ಲಿ. ತುರ್ಕರು ಅದನ್ನು ಡೋನರ್ ಎಂದರು, ಅರಬರು ಶವರ್ಮಾ ಎಂದರು, ಗ್ರೀಕರು ಯೀರೋಸ್ ಎಂದರು. ಮೂರು ಹೆಸರಿಗೂ ಮೂಲದಲ್ಲಿ ಒಂದೇ ಅರ್ಥ: ತಿರುಗುವುದು. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ಒಪ್ಪಂದ ಮಾಡಿಕೊಂಡು ಜನರನ್ನೇ ಅದಲುಬದಲು ಮಾಡಿದವು. ಅನಟೋಲಿಯಾದ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ತುರ್ಕಿಗೆ ಹೋಗಬೇಕಾಯಿತು. ಮನೆ, ಅಂಗಡಿ, ಜಮೀನು ಬಿಟ್ಟು ಬಂದವರು ತಮ್ಮ ಜೊತೆಗೆ ತಂದದ್ದರಲ್ಲಿ ಅಡುಗೆಯೂ ಒಂದು. ಅಥೆನ್ಸಿನ ಬೀದಿಗಳಲ್ಲಿ ಇಂದು ಮಾರುವ ಯೀರೋಸ್‌ನ ಹಿಂದೆ ಆ ನಿರಾಶ್ರಿತರಿದ್ದಾರೆ. ಅಲ್ಲಿ ಈಗ ಹೆಚ್ಚಾಗಿ ಹಂದಿ ಮಾಂಸ ಬಳಸುತ್ತಾರೆ, ಅದು ನಮಗೆ ಸಲ್ಲದು. ಆದರೆ ಕೋಳಿಯದ್ದೂ ಇದೆ.

ಗ್ರೀಕರ ಉಳಿದ ತಿಂಡಿಗಳೂ ನಮಗೆ ಅಪರಿಚಿತವಲ್ಲ. ಯೀರೋಸ್ ಜೊತೆ ಕೊಡುವ ಜಾಜಿಕಿ ಎಂದರೆ ಗಟ್ಟಿ ಮೊಸರು, ಸೌತೆಕಾಯಿ, ಬೆಳ್ಳುಳ್ಳಿ. ನಮ್ಮ ಮೊಸರು ಬಜ್ಜಿಯ ತಮ್ಮ. ಸುವ್ಲಾಕಿ ಎಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ. ಹಿಟ್ಟಿನ ಉಂಡೆ ಕರಿದು ಜೇನು ಸುರಿದ ಸಿಹಿಗೆ ಲುಕುಮಾದೆಸ್ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಒಂದು ತುತ್ತಿಗೆ ಲುಖ್ಮಾ ಎನ್ನುತ್ತೇವಲ್ಲ, ಅದೇ ಅರಬಿ ಪದ ತುರ್ಕಿಯ ಮೂಲಕ ಗ್ರೀಸಿಗೆ ಹೋಗಿದೆ.

ಕಂಬಿ ಇಲ್ಲದೆ ಮನೆಯಲ್ಲಿ ಇದನ್ನು ಮಾಡುವುದು ಹೇಗೆ? ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಅಗಲ ತಟ್ಟೆಗಳಾದರೂ ಬೇಕು, ಇದಕ್ಕೆ ರೊಟ್ಟಿ ಹಂಚು ಸಾಕು. ಅರ್ಧ ಕಿಲೋ ಮೂಳೆಯಿಲ್ಲದ ಕೋಳಿಯನ್ನು ತೆಳ್ಳಗೆ ಸೀಳಿ, ಮೊಸರು, ನಿಂಬೆರಸ, ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು ಹಚ್ಚಿ ಎರಡು ಗಂಟೆ ಫ್ರಿಜ್ಜಿನಲ್ಲಿಡಬೇಕು. ಗ್ರೀಕರು ಒರೆಗಾನೊ ಹಾಕುತ್ತಾರೆ, ನಾವು ಒಂದು ಚಿಟಿಕೆ ಓಮವನ್ನು ಉಜ್ಜಿ ಹಾಕಬಹುದು. ಕಾದ ಹಂಚಿನ ಮೇಲೆ ಗುಂಪು ಮಾಡದೆ ಸ್ವಲ್ಪ ಸ್ವಲ್ಪವೇ ಹಾಕಿ, ಅಂಚು ಕೆಂಪಾಗುವವರೆಗೆ ಬೇಯಿಸಬೇಕು. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೋಗಾಣುಗಳು ಸಾಯುತ್ತವೆ. ಕಂಬಿಯಲ್ಲಿ ಹೊರಗೆ ಬೆಂದು ಒಳಗೆ ಹಸಿಯಾಗಿರುವುದೇ ಅಪಾಯ. ತೆಳ್ಳಗಿನ ತುಂಡಿಗೆ ಹಂಚಿನ ಮೇಲೆ ಆ ಅಪಾಯ ಕಡಿಮೆ. ಮೇಯೊನೇಸ್ ಬೇಡವೇ ಬೇಡ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಸೌತೆಕಾಯಿ ತುರಿದು ಉಪ್ಪು ಹಾಕಿ ಹಿಂಡಿ ಬೆರೆಸಿದರೆ ಆಯಿತು. ಸುತ್ತಲು ಮೈದಾ ರೊಟ್ಟಿ.

ಈಗ ಲೆಕ್ಕಕ್ಕೆ ಬರೋಣ, ನಾವು ಕಾಮರ್ಸ್‌ನವರು. ಕೋಳಿ, ಮೊಸರು, ಮೈದಾ, ಗ್ಯಾಸ್ ಎಲ್ಲ ಕೂಡಿಸಿ "ಮನೆಯಲ್ಲಿ ಎಷ್ಟು ಅಗ್ಗ ನೋಡು" ಎನ್ನುತ್ತೇವೆ. ವ್ಯಾಪಾರ ಖಾತೆಯಲ್ಲಿ ಖರೀದಿ ಬರೆದು ಕೂಲಿ ಬರೆಯದಿದ್ದರೆ ಲಾಭ ಸುಳ್ಳಾಗಿ ಹೆಚ್ಚು ಕಾಣುತ್ತದೆ ಎಂದು ನಮಗೆ ಕಲಿಸಿದ್ದಾರೆ. ಇಲ್ಲೂ ಹಾಗೇ ಆಗಿದೆ. ಸೀಳಿದ್ದು, ತುರಿದದ್ದು, ಹಿಟ್ಟು ನಾದಿದ್ದು, ಲಟ್ಟಿಸಿದ್ದು, ಕೊನೆಗೆ ಜಿಡ್ಡು ಹಂಚು ತಿಕ್ಕಿದ್ದು ಯಾವ ಕಾಲಮ್ಮಿಗೂ ಬರುವುದಿಲ್ಲ. ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಪುಸ್ತಕವೇ ಇದನ್ನು ಹೇಳುತ್ತದೆ: ಮನೆಯಲ್ಲಿ ಹೆಂಗಸರು ಮಾಡುವ ಕೆಲಸಕ್ಕೆ ಸಂಬಳವಿಲ್ಲ, ಆದ್ದರಿಂದ ಜಿಡಿಪಿಯಲ್ಲಿ ಸೇರುವುದಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. "ಮನೆಯಲ್ಲೇ ಮಾಡಿಸಿಕೋ" ಎಂದಾಗಲೆಲ್ಲ ಆ 299ಕ್ಕೆ ನಾವು ಇನ್ನಷ್ಟು ಸೇರಿಸುತ್ತೇವೆ.

ಅಡುಗೆ ಹುಡುಗರ ಕೆಲಸವಲ್ಲ ಎಂದು ಕೆಲವರು ಹೇಳಬಹುದು. ಸಂಜೆ ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಶವರ್ಮಾ ಹೆರೆಯುವವರು, ಕಬಾಬ್ ಕರಿಯುವವರು, ಪರೋಟ ಬಡಿಯುವವರು ಯಾರು? ನಮ್ಮ ಮದುವೆಗಳಲ್ಲಿ ಬಿರಿಯಾನಿ ದೇಗ್ ಇಳಿಸುವ ಬಾವರ್ಚಿ ಯಾರು? ಎಲ್ಲ ಗಂಡಸರೇ. ಹಣ ಬರುವ ಕಡೆ ಅದು ಕಸುಬು, ಹಣ ಬಾರದ ಕಡೆ ಮಾತ್ರ ಅದು ಹೆಂಗಸರ ಕೆಲಸ ಎಂಬುದು ಯಾವ ನ್ಯಾಯ? ಪ್ರವಾದಿ ಮುಹಮ್ಮದ್ (ಸ) ಅವರು ಮನೆಯಲ್ಲಿದ್ದಾಗ ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹಜ್ರತ್ ಆಯಿಷಾ ತಿಳಿಸಿದ್ದು ಬುಖಾರಿ ಸಂಗ್ರಹದಲ್ಲಿದೆ. ಸುನ್ನತ್ ಎಂದು ನಾವು ಎಷ್ಟೋ ವಿಷಯಗಳನ್ನು ಪಾಲಿಸುತ್ತೇವೆ, ಇದನ್ನೂ ಆ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದಲ್ಲವೇ?

ಓದುವುದಿದೆ, ಸಮಯವಿಲ್ಲ ಎಂಬುದು ಎರಡನೆಯ ನೆಪ. ನಾವು ಹುಡುಗಿಯರೂ ಅದೇ ಪರೀಕ್ಷೆಗೆ ಕೂರುತ್ತೇವೆ. ಮುಂದೆ ಬೆಂಗಳೂರಿಗೋ ಗಲ್ಫಿಗೋ ಹೋಗಿ ಕೋಣೆ ಮಾಡಿಕೊಂಡಿರುವ ಹುಡುಗನಿಗೆ ಹಿಟ್ಟು ನಾದಲು ಬಂದರೆ ಉಳಿತಾಯವಾಗುವುದು ಅವನ ಜೇಬಿನದ್ದೇ.

ಬೀದಿ ವ್ಯಾಪಾರಿಗಳ ಹೊಟ್ಟೆ ಮೇಲೆ ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ಕಣ್ಣೆದುರೇ ಚೆನ್ನಾಗಿ ಬೇಯಿಸಿ, ಬಣ್ಣ ಹಾಕದೆ ಬಿಸಿಬಿಸಿ ಕೊಡುವವರ ಹತ್ತಿರ ಧಾರಾಳವಾಗಿ ತಿನ್ನೋಣ. ಒಮ್ಮೆ ಸ್ವತಃ ಮಾಡಿ ನೋಡಿದವರಿಗೆ ಯಾವ ಅಂಗಡಿಯಲ್ಲಿ ಮಾಂಸ ಬೆಂದಿದೆ, ಯಾವುದರಲ್ಲಿ ಇಲ್ಲ ಎಂದು ನೋಡಿದೊಡನೆ ಗೊತ್ತಾಗುತ್ತದೆ. ಅವರ ದುಡಿಮೆಯ ಬೆಲೆಯೂ ಗೊತ್ತಾಗುತ್ತದೆ.

ಕೊನೆಗೆ ಒಂದು ಸಲಹೆ. ನಮ್ಮ ಕಾಲೇಜಿನಲ್ಲಿ ಮುಂದೆ ಆಹಾರ ಮೇಳ ನಡೆಸುವಾಗ ಎರಡು ನಿಯಮ ಇಡೋಣ. ಒಂದು, ಮಳಿಗೆಯಲ್ಲಿ ನಿಲ್ಲುವವರೇ ಅಡುಗೆ ಮಾಡಬೇಕು, ಅಮ್ಮ ಅಕ್ಕಂದಿರಿಂದ ಡಬ್ಬ ತುಂಬಿಸಿಕೊಂಡು ಬರುವಂತಿಲ್ಲ. ಎರಡು, ಮಳಿಗೆಯ ಲೆಕ್ಕದಲ್ಲಿ ಎಷ್ಟು ಗಂಟೆ ಯಾರು ದುಡಿದರು ಎಂದು ಬರೆದು ಕೂಲಿಯನ್ನೂ ತೋರಿಸಬೇಕು. ನಮ್ಮ ಅಧ್ಯಾಪಕರು ಒಪ್ಪಿದರೆ ಲೆಕ್ಕಶಾಸ್ತ್ರಕ್ಕೂ ಅದು ಒಳ್ಳೆಯ ಪ್ರಾಯೋಗಿಕ ಪಾಠವಾಗುತ್ತದೆ. ಕೋಳಿ ಸೀಳಲು ನಾನು ಸಿದ್ಧ. ಹಂಚು ತಿಕ್ಕಲು ಹುಡುಗರಲ್ಲಿ ಯಾರು ಬರುತ್ತೀರಿ, ಹೆಸರು ಕೊಡಿ.