ಪರದೇಶಕ್ಕೆ ಹಣ ಒಯ್ಯುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶ ಓದಲು ನಮಗೆ ಕಾಲೇಜಿದೆ, ಗುರುಗಳಿದ್ದಾರೆ. ದೇಶ ಸುತ್ತುವವನು ಹಣವನ್ನು ಹೇಗೆ ಒಯ್ಯಬೇಕು, ಹೇಗೆ ವೆಚ್ಚ ಮಾಡಬೇಕು ಎಂದು ಹೇಳಿಕೊಡುವವರು ಯಾರು? ಪರದೇಶ ಪ್ರವಾಸವೆಂದರೆ ಉಳ್ಳವರ ಮಾತು, ನಮಗೇಕೆ ಎಂದು ಕೆಲವು ಗೆಳೆಯರು ನಗಬಹುದು. ಅದು ನಮಗೂ ಸಂಬಂಧಪಟ್ಟ ಮಾತೆಂಬುದೇ ನನ್ನ ವಾದ.

ಪರರಾಜ್ಯದ ಹಣ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನಕ್ಕೆ ತನ್ನದೇ ಟಂಕಸಾಲೆಯಿತ್ತು. 1918ರಿಂದ ತನ್ನದೇ ನೋಟುಗಳೂ ಬಂದವು. ಅದನ್ನು ನಮ್ಮವರು ಹಾಲಿ ರೂಪಾಯಿ ಎಂದರು. ಬ್ರಿಟಿಷರದನ್ನು ಕಲ್ದಾರ ಎಂದರು. ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿ ಹಂಪೆಗೆ ಕಾಲಿಟ್ಟರೆ ಅದು ಮದ್ರಾಸ್ ಪ್ರಾಂತ. ಯಲಬುರ್ಗಾದ ರೈತ ಗದಗಿನ ಪೇಟೆಗೆ ಹೋದರೆ ಅದು ಮುಂಬಯಿ ಪ್ರಾಂತ. ಎರಡೂ ಕಡೆ ನಡೆಯುತ್ತಿದ್ದುದು ಕಲ್ದಾರವೇ. ಸುಮಾರು ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ. ಶಾಲೆಯ ಕಟ್ಟೆ ಹತ್ತದವರೂ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರೆಂದು ನಮ್ಮಜ್ಜ ಹೇಳುತ್ತಾರೆ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1950ರ ದಶಕ ಕಳೆಯುವಷ್ಟರಲ್ಲಿ ಹಾಲಿ ರೂಪಾಯಿ ಮರೆಯಾಯಿತು. ಅದರೊಡನೆ ಆ ಎಚ್ಚರವೂ ಮರೆಯಾಯಿತೇನೋ!

ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗಳಿಂದ ಕಾಶಿಯಾತ್ರೆಗೆ ಹೊರಡುವವರುಂಟು. ಕೆಲವರು ಅಲ್ಲಿಂದ ಕಾಠ್ಮಂಡುವಿನ ಪಶುಪತಿನಾಥನ ದರ್ಶನಕ್ಕೂ ಹೋಗುತ್ತಾರೆ. ಭೂಮಾರ್ಗದಲ್ಲಿ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟಿನ ಕಟ್ಟಿಲ್ಲ. ಹೀಗಾಗಿ ಅದು ಪರದೇಶವೆಂಬುದೇ ಅನೇಕರಿಗೆ ಹೊಳೆಯುವುದಿಲ್ಲ. ನೇಪಾಳದ ರೂಪಾಯಿಯ ಬೆಲೆ 1993ರಿಂದಲೂ ನಿಶ್ಚಿತವಾಗಿದೆ: ನಮ್ಮ 100ಕ್ಕೆ ಅಲ್ಲಿಯ 160. ನಮ್ಮ ಓಣಿಯ ದೊಡ್ಡವ್ವ ಒಬ್ಬಳು ಅಲ್ಲಿ ಶಾಲು, ರುದ್ರಾಕ್ಷಿ ಸರ ಕೊಂಡಳು. ಬೆಲೆ 800 ಎಂದರು. ಅವ್ವ ನಮ್ಮ ನೋಟುಗಳನ್ನೇ 800 ಎಣಿಸಿ ಕೊಟ್ಟಳು. ಕೊಡಬೇಕಾಗಿದ್ದುದು 500 ಮಾತ್ರ. ಹೋದ 300 ರೂಪಾಯಿ ಆಕೆ ಬಿಸಿಲಲ್ಲಿ ಕಳೆ ಕಿತ್ತು ಕೂಡಿಸಿದ್ದು. ಯಾತ್ರೆಯ ಬಸ್ಸು ಗೊತ್ತುಮಾಡಿದವರು ಊಟ, ವಸತಿ, ದರ್ಶನ ಎಲ್ಲವನ್ನೂ ಹೇಳಿದ್ದರು. ಈ ಒಂದು ಮಾತನ್ನು ಹೇಳಿರಲಿಲ್ಲ.

ಹಾಗಾದರೆ ಹಣ ಒಯ್ಯುವ ಸರಿಯಾದ ಬಗೆ ಯಾವುದು? ನಗದು, ಕಾರ್ಡು, ಫೋನು ಈ ಮೂರು ದಾರಿಗಳು ಈಗ ನಮ್ಮ ಮುಂದಿವೆ. ಯಾವುದೊಂದನ್ನೇ ನಂಬಬಾರದೆಂಬುದು ನನ್ನ ಅಭಿಪ್ರಾಯ. ನಗದು ಕಳೆದರೆ ಮರಳಿ ಬಾರದು. ಅದಕ್ಕೆ ಮಿತಿಯೂ ಉಂಟು: ನೇಪಾಳ, ಭೂತಾನಗಳನ್ನು ಬಿಟ್ಟರೆ ಬೇರೆ ದೇಶಕ್ಕೆ ಹೊರಟವರು ನಮ್ಮ ರೂಪಾಯಿಯನ್ನು 25,000ಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ನೋಟಿನ ನಿಯಮ ಬದಲಾಗುವುದೂ ಉಂಟು. 2018ರ ಡಿಸೆಂಬರಿನಲ್ಲಿ ನೇಪಾಳ ಸರಕಾರ ನಮ್ಮ 100ಕ್ಕಿಂತ ದೊಡ್ಡ ನೋಟುಗಳನ್ನು ನಿಷೇಧಿಸಿದಾಗ ಯಾತ್ರಿಕರು ಪಟ್ಟ ಪಾಡು ಅಷ್ಟಿಷ್ಟಲ್ಲ. ಆದುದರಿಂದ ಹೊರಡುವ ವಾರವೇ ಬ್ಯಾಂಕಿನಲ್ಲಿ ವಿಚಾರಿಸುವುದು ಲೇಸು.

ಕಾರ್ಡು ಹಗುರ, ಆದರೆ 2020ರ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತದೆ. ಹೊರಗೆ ನಡೆಯಬೇಕಾದರೆ ನಾವೇ ಅದನ್ನು ತೆರೆಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ. ಪರದೇಶದ ಅಂಗಡಿಯ ಯಂತ್ರ ಕೆಲವೊಮ್ಮೆ ‘ನಿಮ್ಮ ರೂಪಾಯಿಯಲ್ಲಿ ಕೊಡುವಿರೋ, ಇಲ್ಲಿಯ ಹಣದಲ್ಲೋ?’ ಎಂದು ಕೇಳುತ್ತದೆ. ರೂಪಾಯಿ ಎಂದಾಗ ಮನಸ್ಸಿಗೆ ಹಿತವೆನಿಸುತ್ತದೆ. ಆದರೆ ಆಗ ದರ ಗೊತ್ತುಮಾಡುವುದು ಅಂಗಡಿಯ ಕಡೆಯವರು, ಅವರ ಲಾಭವೂ ಅದರಲ್ಲಿ ಸೇರಿರುತ್ತದೆ. ಆ ದೇಶದ ಹಣವನ್ನೇ ಆರಿಸುವುದು ಸಾಮಾನ್ಯವಾಗಿ ಲಾಭ. ಇನ್ನು ಫೋನಿನ ಯುಪಿಐ 2021ರಲ್ಲಿ ಭೂತಾನಕ್ಕೆ, 2024ರಲ್ಲಿ ನೇಪಾಳದ ಮತ್ತು ಶ್ರೀಲಂಕಾದ ಅಂಗಡಿಗಳಿಗೆ ಮುಟ್ಟಿದೆ. ಆದರೆ ಬ್ಯಾಟರಿ ತೀರಿದ ಫೋನು ಒಂದು ಲೋಟ ಚಹವನ್ನೂ ಕೊಡಿಸದು! ನಮ್ಮಜ್ಜಿ ಗವಿಮಠದ ಜಾತ್ರೆಗೆ ಹೋಗುವಾಗ ಕೈಖರ್ಚಿನ ಚಿಲ್ಲರೆಯನ್ನು ಎಲೆಯಡಿಕೆ ಚೀಲದಲ್ಲೂ ಮಿಕ್ಕದ್ದನ್ನು ಸೆರಗಿನ ಗಂಟಿನಲ್ಲೂ ಇಡುತ್ತಾಳೆ. ಹಣವನ್ನು ಒಂದೇ ಕಡೆ ಇಡಬಾರದೆಂಬ ಶಾಸ್ತ್ರವೆಲ್ಲ ಅದರಲ್ಲಿದೆ.

‘ಸಂತೋಷಕ್ಕೆಂದು ಹೋದವನು ಕಾಸು ಕಾಸಿಗೂ ಲೆಕ್ಕ ಹಾಕುವುದು ಜಿಪುಣತನವಲ್ಲವೇ?’ ಎಂದು ಕೇಳುವವರಿದ್ದಾರೆ. ಆನೆಗೊಂದಿ, ಸಾಣಾಪುರಗಳಿಗೆ ಬರುವ ವಿದೇಶೀಯರನ್ನು ಅವರು ನೋಡಲಿ. ಬಾಳೆಹಣ್ಣು ಕೊಳ್ಳುವಾಗಲೂ ಬೆಲೆ ಕೇಳಿ, ತಮ್ಮ ಹಣದಲ್ಲಿ ಎಷ್ಟಾಯಿತೆಂದು ನೋಡಿ, ಆಮೇಲೆ ಕೊಡುತ್ತಾರೆ. ಅವರನ್ನು ಯಾರೂ ಜಿಪುಣರೆನ್ನುವುದಿಲ್ಲ. ಕೇಳಲು ನಾಚುವವರು ನಾವು. ನಾಚಿಕೆಯ ಬೆಲೆ ತೆರುವವರೂ ನಾವೇ.

ನಮ್ಮ ಮನೆತನದಲ್ಲಿ ಬಿ.ಎ. ತರಗತಿಗೆ ಬಂದವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೆ. ಅರ್ಥಶಾಸ್ತ್ರದಲ್ಲಿ ವಿದೇಶೀ ವಿನಿಮಯದ ಪಾಠವನ್ನು ನಾವು ಓದುತ್ತೇವೆ; ಅಂಕ ಬಂದೊಡನೆ ಅದರ ಕೆಲಸ ತೀರಿತೆಂದು ತಿಳಿಯುತ್ತೇವೆ. ಆ ಪಾಠ ಊರಿಗೆ ತಲುಪದಿದ್ದರೆ ಓದಿಗೆ ಏನು ಬೆಲೆ? ವರ್ಷಕ್ಕೊಂದು ದಿನ, ಯಾತ್ರೆಯ ಕಾಲಕ್ಕೆ ಮುಂಚೆ, ಅರ್ಥಶಾಸ್ತ್ರ ವಿಭಾಗದವರು ಇದಕ್ಕೆಂದೇ ಒಂದು ಸಭೆ ಕರೆಯಲೆಂದು ಗುರುಗಳಲ್ಲಿ ನನ್ನ ವಿನಂತಿ. ಗೆಳೆಯರಲ್ಲಿ ಇನ್ನೂ ಚಿಕ್ಕ ಕೋರಿಕೆ: ನಿಮ್ಮೂರಿನಿಂದ ಯಾರಾದರೂ ಗಡಿಯಾಚೆ ಹೊರಟರೆ, ಒಂದು ಚೀಟಿಯಲ್ಲಿ ಅಲ್ಲಿಯ ಹಣದ ದರವನ್ನೂ ಬ್ಯಾಂಕಿನ ಫೋನ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಡಿ. ಓದು ಬಾರದವರಿಗೆ ಬಾಯಲ್ಲಿ ಹೇಳಿ, ಅವರಿಂದ ಒಮ್ಮೆ ಹೇಳಿಸಿರಿ. ಬೆವರಿನ ಹಣ ಎಲ್ಲಿಗೇ ಹೋಗಲಿ, ತಕ್ಕ ಬೆಲೆಗೆ ಹೋಗಲಿ.