ನೇತ್ರಾಣಿಯಲ್ಲಿ ಲಂಗರು ಬಿಡುವುದನ್ನು ನಿಲ್ಲಿಸಿ, ಬೋಯಾ ಹಾಕಿಸಿ

ಸನ್ಮಾನ್ಯ ಅರಣ್ಯ ಸಚಿವರಿಗೆ,

ಆನೆ, ಹುಲಿ, ಚಿರತೆಗಳ ಕಡತ ನಿಮ್ಮ ಮೇಜಿನಿಂದ ಇಳಿಯುವುದೇ ಇಲ್ಲ. ಈ ಪತ್ರ ಕಡಲಿನ ಕಡತಕ್ಕಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಹವಳವನ್ನೂ ಸೇರಿಸಲಾಯಿತು. ಅಂದರೆ ಕಾನೂನಿನ ಮುಂದೆ ಬಂಡೀಪುರದ ಹುಲಿಗೂ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆಯ ನೇತ್ರಾಣಿ ದ್ವೀಪದ ಹವಳಕ್ಕೂ ಒಂದೇ ದರ್ಜೆ.

ಮೇಲಿನಿಂದ ನೋಡಿದವರಿಗೆ ಹವಳ ಬರೀ ಬಂಡೆ. ಹತ್ತಿರ ಹೋದರೆ ಮೈತುಂಬ ಪುಟ್ಟ ಪುಟ್ಟ ಬಾಯಿಗಳು. ಒಂದೊಂದೂ ಒಂದು ಪ್ರಾಣಿ. ಕತ್ತಲಾದ ಮೇಲೆ ಎಳೆಗಳನ್ನು ಚಾಚಿ, ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಹಗಲಿನಲ್ಲಿ ಅದರ ಮೈಯೊಳಗಿನ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ, ಬಹುಪಾಲನ್ನು ಹವಳಕ್ಕೇ ಕೊಡುತ್ತದೆ. ಹವಳದ ಬಣ್ಣವೂ ಹೆಚ್ಚಾಗಿ ಆ ಪಾಚಿಯದೇ. ನೀರಿನ ಕಾವು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಕಾವು ಬೇಗ ಇಳಿದರೆ ಚೇತರಿಸಿಕೊಳ್ಳಲೂಬಹುದು.

ಲಂಗರಿನ ಪೆಟ್ಟು ಹಾಗಲ್ಲ. ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಹಿಗ್ಗುವುದು ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಸುಪಾಸು. ನೂರು ವರ್ಷದ ಬೆಳವಣಿಗೆಯನ್ನು ಒಂದು ಲಂಗರು, ಅದರ ಹಿಂದೆ ಎಳೆದಾಡುವ ಸರಪಳಿ ಒಂದೇ ಬೆಳಗ್ಗೆ ಪುಡಿಮಾಡಬಲ್ಲವು. ಮುರಿದ ಜಾಗಕ್ಕೆ ಹುಲ್ಲಿನಂಥ ಪಾಚಿ ಹಬ್ಬಿದರೆ ಮರಿ ಹವಳಕ್ಕೆ ನೆಲೆ ಸಿಗದು. ಅದನ್ನು ಕೆರೆದು ತಿಂದು ಜಾಗ ತೆರವು ಮಾಡುವುದು ಗಿಳಿಕೊಕ್ಕಿನ ಪ್ಯಾರಟ್ ಫಿಶ್. ಹವಳದ ಸಂದುಗೊಂದುಗಳಲ್ಲಿ ಅಡಗುವ ಕೆಂಬೇರಿ, ಮುರು ಮೀನು ನಮ್ಮ ಮೀನುಗಾರರ ಬದುಕು. ನೀರಿನ ಮೇಲೆ, ದ್ವೀಪದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ.

ನೇತ್ರಾಣಿ ಈಗಾಗಲೇ ಸಾಕಷ್ಟು ಸಹಿಸಿದೆ. ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿತು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು ನಾಡೇ ನೋಡಿತು. ಹಾಗೆ ಸ್ಕೂಬಾ ಡೈವಿಂಗ್‌ಗೆ ಬರುವವರನ್ನು ಬೇಡವೆನ್ನಲಾಗದು, ಕಂಡಮೇಲಲ್ಲವೇ ಪ್ರೀತಿ? ಆದರೆ ಅವರನ್ನು ಕರೆದೊಯ್ಯುವ ದೋಣಿ ಎಲ್ಲಿ ನಿಲ್ಲಬೇಕೆಂಬುದನ್ನು ಸರ್ಕಾರ ಹೇಳಬೇಕು.

ಹಾಗಾಗಿ ಮೂರು ಬೇಡಿಕೆ. ದ್ವೀಪದ ಸುತ್ತ ದೋಣಿ ನಿಲ್ಲುವ ಪ್ರತಿ ಜಾಗದಲ್ಲೂ ದೋಣಿ ಕಟ್ಟಲು ಕಾಯಂ ಬೋಯಾ (ತೇಲುಗುಂಡು) ಹಾಕಿಸಿ, ಹವಳದ ಮೇಲೆ ಲಂಗರು ಬಿಡುವುದನ್ನು ಸಂಪೂರ್ಣ ನಿಲ್ಲಿಸಿ. ಹುಲಿ ಗಣತಿಯಂತೆ ಹವಳದ ಸ್ಥಿತಿಗತಿಯನ್ನೂ ನಿಯಮಿತವಾಗಿ ಅಳೆಸಿ, ವರದಿಯನ್ನು ಜನರ ಮುಂದಿಡಿ. ಮೂರನೆಯದಾಗಿ, ಸಂರಕ್ಷಿತ ಪ್ರದೇಶದ ಗಡಿ ಗುರುತಿಸುವ ಯಾವ ಯೋಜನೆಯಿದ್ದರೂ ಮೀನುಗಾರರನ್ನು ಕೂರಿಸಿಕೊಂಡೇ ತೀರ್ಮಾನಿಸಿ. ಸಮುದ್ರದಲ್ಲಿ ಅಭಯಾರಣ್ಯ ಘೋಷಿಸುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಂ ಹೇಳುತ್ತದೆ. ಅವರನ್ನು ದೂರವಿಟ್ಟು ಕಡಲು ಕಾಯಲು ಯಾವ ಇಲಾಖೆಗೂ ಆಗದು.

ಇವಕ್ಕೆ ಹೊಸ ಕಾನೂನು ಬೇಕಿಲ್ಲ, ಕೋಟಿಗಟ್ಟಲೆ ಹಣವೂ ಬೇಕಿಲ್ಲ. ಮುಂದಿನ ಮಳೆಗಾಲ ಮುಗಿದು ಮುರುಡೇಶ್ವರದಿಂದ ಪ್ರವಾಸಿ ದೋಣಿಗಳು ಹೊರಡುವ ಮೊದಲು ಬೋಯಾಗಳು ನೀರಿಗೆ ಬೀಳಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ನಾಗರಿಕ